ಬೂಟಿನ ಡಬ್ಬಿಯೊಳಗಿನ ಚಂದ್ರ

ಮೊದಲು ಸಿಕ್ಕಿದ್ದು ಪತಂಗ ಅಲ್ಲ, ಬರೀ ರೆಕ್ಕೆ. ಹೋದ ವರ್ಷ ಮಳೆಗಾಲದಲ್ಲಿ ಜಾಂಬೋಟಿ ಆಚೆ ಇರುವ ಅತ್ತಿ ಮನೆಗೆ ಹೋಗಿದ್ದೆ. ಬೆಳಗ್ಗೆ ಮುಖ ತೊಳೆಯೋಕೆ ಹೊರಗೆ ಬಂದರೆ ಪಡಸಾಲೆಯ ಬಲ್ಬಿನ ಕೆಳಗೆ ತಿಳಿ ಹಸಿರಿನ ಏನೋ ಬಿದ್ದಿತ್ತು. ಹಳೇ ಕುಬಸದ ಚೂರು ಅಂದುಕೊಂಡೆ. ಎತ್ತಿಕೊಂಡರೆ ಬೆರಳಿಗೆ ಬಿಳಿ ಪುಡಿ ಹತ್ತಿತು. ನಡುವೆ ಕಣ್ಣಿನಂಥ ಒಂದು ಚುಕ್ಕೆ, ಕೆಳಗೆ ಉದ್ದನೆಯ ಬಾಲ. ಮೈ ಮಾತ್ರ ಇಲ್ಲ. ಮೈ ತಿಂದ ಮಡಿವಾಳ ಹಕ್ಕಿ ಇನ್ನೂ ತುಳಸಿ ಕಟ್ಟೆ ಮೇಲೆ ಬಾಲ ಎತ್ತಿ ಕೂತಿತ್ತು, ಏನೂ ಗೊತ್ತೇ ಇಲ್ಲ ಅನ್ನೋ ಹಾಗೆ.

"ಅದೇನ್ ಹೊಸಾದಲ್ಲ, ಮಳಿ ಹತ್ತಿತಂದ್ರ ಬರತಾವ" ಅಂದಳು ಅತ್ತಿ, ಕಸಬರಿಗೆಯಿಂದ ಉಳಿದ ರೆಕ್ಕೆಗಳನ್ನೂ ಗುಡಿಸುತ್ತಾ. ಆ ಬಲ್ಬ್ ರಾತ್ರಿಯಿಡೀ ಉರಿಯುತ್ತೆ. ಬೆಳಕಿಗೆ ಬಂದ ಹುಳಗಳು ಬೆಳಗಾದರೂ ಗೋಡೆ ಬಿಟ್ಟು ಹೋಗಲ್ಲ, ಹಕ್ಕಿಗಳು ಸಾಲಾಗಿ ಬಂದು ನಾಷ್ಟಾ ಮಾಡಿ ಹೋಗುತ್ತವೆ. ಆ ಒಂದು ರೆಕ್ಕೆಯನ್ನು ನೋಟ್‌ಬುಕ್ಕಿನಲ್ಲಿಟ್ಟುಕೊಂಡು ಬೆಳಗಾವಿಗೆ ಬಂದೆ. ಅದು ಚಂದ್ರ ಪತಂಗ ಅಂತ ಗೊತ್ತಾಗಿದ್ದು ಆಮೇಲೆ.

ಈ ವರ್ಷ ಜೀವಂತದ್ದೇ ಬಂತು. ಕಾರ ಹುಣ್ಣಿಮೆ ಆಗಿ ಎರಡು ದಿನ. ಸಂಜೆಯಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟ್ ಹೋಗಿ ಬಂದು ಹೋಗಿ ಬಂದು ಆಡುತ್ತಿತ್ತು. ಹತ್ತು ಗಂಟೆಗೆ ಕರೆಂಟ್ ಬಂದಾಗ ನೋಡಿದರೆ ಗೋಡೆಗೆ ತೂಗು ಹಾಕಿದ ಕ್ಯಾಲೆಂಡರ್ ಮೇಲೆ ಅವಳು ಕೂತಿದ್ದಳು. ಅವಳು ಅಂತಲೇ ಬರೆಯುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನನ್ನ ಅಂಗೈಗಿಂತ ಅಗಲ. ಈ ಜಾತಿಯ ರೆಕ್ಕೆ ಬಿಚ್ಚಿದರೆ ಸಾಮಾನ್ಯವಾಗಿ 10–12 ಸೆಂಟಿಮೀಟರ್ ಇರುತ್ತೆ. ಬಣ್ಣ ಹೇಗೆ ಹೇಳಲಿ, ಎಳೆ ಬಾಳೆ ಎಲೆಯ ಹಿಂಬದಿ ಇರುತ್ತಲ್ಲ, ಆ ಬಿಳಿಚು ಹಸಿರು. ಮುಂದಿನ ರೆಕ್ಕೆಯ ಮೇಲಂಚಿಗೆ ಕಡುಗೆಂಪು ಪಟ್ಟಿ, ಇಳಕಲ್ ಸೀರೆಯ ದಡಿ ಥರ, ಒಂದು ರೆಕ್ಕೆಯಿಂದ ಶುರುವಾಗಿ ಕುತ್ತಿಗೆ ದಾಟಿ ಇನ್ನೊಂದು ರೆಕ್ಕೆಯ ತುದಿ ತನಕ. ಮೈ ಮಾತ್ರ ಅರಳೆ ಸುತ್ತಿದ ಬತ್ತಿಯ ಹಾಗೆ ಬಿಳಿ, ದಪ್ಪ, ನಯವಾದ ಕೂದಲು. ಕಾಲು ಕೆಂಪು. ನಾಲ್ಕೂ ರೆಕ್ಕೆಯಲ್ಲಿ ಒಂದೊಂದು ಕಣ್ಚುಕ್ಕೆ, ಅದರ ಒಂದು ಬದಿಗೆ ಕಪ್ಪು ಬಿದಿಗೆ ಚಂದ್ರನ ಗೀರು. ಹೆಸರು ಬಂದಿದ್ದು ಅಲ್ಲಿಂದ ಇರಬೇಕು. ವಿಜ್ಞಾನದ ಹೆಸರು ಆಕ್ಟಿಯಸ್ ಸೆಲೆನೆ. ಸೆಲೆನೆ ಅನ್ನೋ ಭಾಗ 1807ರಲ್ಲಿ ಜರ್ಮನಿಯ ಕೀಟ ವಿಜ್ಞಾನಿ ಜೇಕಬ್ ಹ್ಯೂಬ್ನರ್ ಇಟ್ಟಿದ್ದು, ಸೆಲೆನೆ ಅಂದರೆ ಗ್ರೀಕರ ಚಂದ್ರದೇವತೆ. ಅಲ್ಲೂ ಹೆಣ್ಣೇ.

ಅತ್ತಿಗೆ ಹೆಸರು ಬೇಕಿರಲಿಲ್ಲ.

"ಪಾಪ, ಮಳ್ಯಾಗ ತೊಯ್ಸ್ಕೊಂಡು ಬಂದಾಳ. ಏನರೆ ತಿನ್ನಾಕ ಕೊಡೋ ತಮ್ಮಾ."

ಒಳಗೆ ಹೋಗಿ ಬಾಟಲಿ ಮುಚ್ಚಳದಲ್ಲಿ ಬೆಲ್ಲದ ನೀರು ತಂದಳು. ನಾನು ಸ್ಟೂಲ್ ಹತ್ತಿ ಹಿಡಿದೆ. ಪತಂಗ ತಿರುಗಿಯೂ ನೋಡಲಿಲ್ಲ. ಕಾಲಿನ ಹತ್ತಿರ ತಂದೆ, ತಲೆಯ ಹತ್ತಿರ ತಂದೆ, ಊಹೂಂ. ಕೈ ಸೋತು ಮೊಬೈಲ್ ತೆಗೆದು ಓದಿದಾಗ ಗೊತ್ತಾಯಿತು, ಇದಕ್ಕೆ ತಿನ್ನುವ ಬಾಯೇ ಇಲ್ಲ. ಬಾಯಿ ಇರಬೇಕಾದ ಜಾಗದಲ್ಲಿ ಹೆಸರಿಗೆ ಏನೋ ಇದೆ, ಚಿಟ್ಟೆಗೆ ಇರುವ ಹೀರುವ ಕೊಳವೆ ಬೆಳೆದೇ ಇರಲ್ಲ. ಗೂಡಿನಿಂದ ಹೊರಗೆ ಬಂದ ದಿನದಿಂದ ಸಾಯುವ ತನಕ ಉಪವಾಸ. ಅದು ಎಷ್ಟು ದಿನ ಅಂದರೆ ಹೆಚ್ಚು ಕಡಿಮೆ ಒಂದು ವಾರ.

"ಬಾಯಿ ಇಲ್ಲ ಅತ್ತೀ ಇದಕ್ಕ."

"ಬಾಯಿ ಇಲ್ಲದ ಜೀವಾ ಎಲ್ಲೈತೋ? ಏನರೆ ಹೇಳ್ಬ್ಯಾಡ."

"ಖರೇನ. ಹುಳಾ ಇದ್ದಾಗ ತಿಂದದ್ದರ ಮ್ಯಾಲೇ ಇರ್ತೈತಿ ಇದು."

ಅತ್ತಿ ನಂಬಲಿಲ್ಲ. ಮುಚ್ಚಳವನ್ನು ಕಿಟಕಿ ಕಟ್ಟೆ ಮೇಲೆ ಹಾಗೇ ಇಟ್ಟು ಮಲಗಲು ಹೋದಳು. ರಾತ್ರಿ ಹಸಿವಾದರೆ ತಿನ್ನಲಿ ಅಂತ. ಬೆಳಗ್ಗೆ ಅದರ ತುಂಬ ಇರುವೆ.

ನಾನು ಮಲಗಲಿಲ್ಲ, ಆ ಬಾಲ ನೋಡುತ್ತಾ ಕೂತೆ. ಹಿಂದಿನ ರೆಕ್ಕೆಯಿಂದ ಇಳಿದ ಎರಡು ಬಾಲ, ಬುಡದಲ್ಲಿ ಸ್ವಲ್ಪ ಗುಲಾಬಿ, ಕೆಳಗೆ ತಿರುಚಿಕೊಂಡಿರುತ್ತವೆ. ಅಂದಕ್ಕೆ ಇರಬಹುದು ಅಂದುಕೊಂಡಿದ್ದೆ. ಅಲ್ಲವಂತೆ, ಅದು ಬಾವಲಿಗೆ ಮಾಡುವ ಮೋಸ. ಬಾವಲಿ ಕತ್ತಲಲ್ಲಿ ಕೂಗಿ, ಆ ಕೂಗು ಬೇಟೆಗೆ ಬಡಿದು ವಾಪಸ್ ಬರುವ ಸದ್ದಿನ ಮೇಲೆ ಹಿಡಿಯುತ್ತೆ, ಅಲ್ವಾ. ಪತಂಗ ಹಾರುವಾಗ ಈ ಬಾಲಗಳು ಗಿರಕಿ ಹೊಡೆಯುತ್ತವೆ, ಬಾವಲಿ ಅದನ್ನೇ ಮೈ ಅಂತ ತಿಳಿದು ಬಾಯಿ ಹಾಕುತ್ತೆ, ಬಾಲ ಹರಿಯುತ್ತೆ, ಜೀವ ಉಳಿಯುತ್ತೆ. ಅಮೆರಿಕದಲ್ಲಿ ಇದರ ಅಕ್ಕನ ಮಗಳಂಥ ಲೂನಾ ಪತಂಗದ ಮೇಲೆ ಇದನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಬಾಲ ಇದ್ದವುಗಳಲ್ಲಿ 100ಕ್ಕೆ ಸುಮಾರು 35 ಬಾವಲಿಗೆ ಸಿಕ್ಕವು, ಬಾಲ ಕತ್ತರಿಸಿದವುಗಳಲ್ಲಿ 81.

ಇದನ್ನು ಓದಿ ನನಗೆ ರೋಮಾಂಚನ ಆಗಿದ್ದಕ್ಕೆ ಕಾರಣ ಬೇರೆ. ಅತ್ತಿ ಊರಿನ ಹಿಂದೆಯೇ ಭೀಮಗಡದ ಕಾಡು. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಅಂತ ಘೋಷಿಸಿದರಲ್ಲ, ಅದೇ. ಅಲ್ಲಿಯ ಬಾರಾಪೆಡೆ ಗುಹೆಯ ಬಾವಲಿ ಪ್ರಪಂಚಕ್ಕೇ ಹೆಸರಾದದ್ದು. ರಾಟನ್ ಫ್ರೀ ಟೇಲ್ಡ್ ಬ್ಯಾಟ್ ಅಂತಾರೆ. 1913ರಲ್ಲಿ ಇಂಗ್ಲೆಂಡಿನ ಪ್ರಾಣಿ ವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ಹೊಸ ಜಾತಿ ಅಂತ ವರ್ಣಿಸಿದ್ದು ಈ ಗುಹೆಯಿಂದ ತಂದದ್ದನ್ನು ನೋಡಿಯೇ. ಎಷ್ಟೋ ವರ್ಷ ಇದೊಂದು ಗುಹೆ ಬಿಟ್ಟರೆ ಬೇರೆಲ್ಲೂ ಅದು ಕಂಡಿರಲಿಲ್ಲ. ನಾವು ಬೆಳಗಾವಿಯವರು ಭೀಮಗಡ ಅಂದರೆ ಬರೀ ಮಹದಾಯಿ ನೀರಿನ ಜಗಳ ಮಾತಾಡುತ್ತೇವೆ. ಅಲ್ಲಿ ರಾತ್ರಿ ಪೂರ್ತಿ ಇಂಥದ್ದೊಂದು ಆಟ ನಡೆದಿರುತ್ತೆ.

ಬೆಳಗಾಗುವಷ್ಟರಲ್ಲಿ ಅವಳು ಕ್ಯಾಲೆಂಡರ್ ತುಂಬ ತತ್ತಿ ಇಟ್ಟಿದ್ದಳು. ಎಣಿಸಿದೆ, 34. ಜೂನ್ ತಿಂಗಳ ಹಾಳೆ. ಅತ್ತಿ ಹಾಲಿನ ಲೆಕ್ಕ ಬರೆಯುವುದು ಅದರಲ್ಲೇ. ದಿನದ ಮನೆಯಲ್ಲಿ ಒಂದೂವರೆ, ಎರಡು, "ಇಲ್ಲ", ಮತ್ತೆ ಒಂದೂವರೆ, ಅದರ ಸುತ್ತ ಮುತ್ತ ಸಾಸಿವೆಗಿಂತ ದೊಡ್ಡ, ಜೋಳಕ್ಕಿಂತ ಸಣ್ಣ ತತ್ತಿಗಳು. ಬಿಳಿ ಬಣ್ಣ, ಮೇಲೆ ಕಂದು ಅಂಟು ಮೆತ್ತಿಕೊಂಡಿರುತ್ತೆ. ಆ ಅಂಟು ಎಷ್ಟು ಗಟ್ಟಿ ಅಂದರೆ ಉಗುರಿನಿಂದ ಕೆರೆದರೆ ತತ್ತಿ ಒಡೆಯುತ್ತೆ, ಹಾಳೆ ಬಿಡಲ್ಲ. ಹಾಗಾಗಿ ಹಾಳೆಯನ್ನೇ ಹರಿದುಕೊಂಡೆ. ಅದಕ್ಕೆ ಅತ್ತಿ ಬೈದದ್ದನ್ನು ಇಲ್ಲಿ ಬರೆಯಲ್ಲ. ಲೆಕ್ಕವನ್ನೆಲ್ಲ ಹಳೇ ಪಂಚಾಂಗದ ಹಿಂದೆ ಬರೆದುಕೊಟ್ಟ ಮೇಲೆಯೇ ನನ್ನನ್ನು ಬಿಟ್ಟಿದ್ದು. ಪತಂಗ ಸಂಜೆ ತನಕ ಹಾಗೇ ಕೂತಿತ್ತು, ಹಕ್ಕಿ ಬರದ ಹಾಗೆ ಬುಟ್ಟಿ ಮುಚ್ಚಿದ್ದೆವು. ಕತ್ತಲಾದ ಮೇಲೆ ಬುಟ್ಟಿ ತೆಗೆದೆವು, ಬಲ್ಬ್ ಆರಿಸಿದೆವು. ಸ್ವಲ್ಪ ಹೊತ್ತು ರೆಕ್ಕೆ ನಡುಗಿಸಿ ಕಾಡಿನ ಕಡೆ ಹೋಯಿತು. ಒಂದು ಹೆಣ್ಣು 200ಕ್ಕೂ ಮೇಲೆ ತತ್ತಿ ಇಡಬಲ್ಲದು, ಉಳಿದದ್ದನ್ನು ಎಲ್ಲಿಟ್ಟಳೋ.

ಇನ್ನು ಹುಳು ಏನು ತಿನ್ನುತ್ತೆ ಅನ್ನೋ ಪ್ರಶ್ನೆ. ಕಾಡಿನಲ್ಲಿ ಮತ್ತಿ, ಶಿಮಟಿ ಮರಗಳ ಎಲೆ ಇವೆಲ್ಲ ಆಗುತ್ತೆ. ಅತ್ತಿ ಹೊಲದ ಬೇಲಿಗೆ ನೆಟ್ಟ ಶಿಮಟಿ ಗೂಟಗಳೆಲ್ಲ ಚಿಗುರಿ ಮರ ಆಗಿವೆ, ಅಲ್ಲೇ ಹುಟ್ಟಿದವಳಿರಬೇಕು ಇವಳು. ಆದರೆ ಬೆಳಗಾವಿಯಲ್ಲಿ ಎಲ್ಲಿಂದ ತರಲಿ? ಪುಣ್ಯಕ್ಕೆ ನುಗ್ಗಿಯನ್ನೂ ತಿನ್ನುತ್ತೆ ಅಂತ ಗೊತ್ತಾಯಿತು. ಒಂದೇ ಷರತ್ತು, ಮೊದಲ ಬಾಯಿಗೆ ಯಾವ ಎಲೆ ಕೊಡುತ್ತೀರೋ ಕೊನೆ ತನಕ ಅದನ್ನೇ ಕೊಡುವುದು ಒಳ್ಳೇದು, ನಡುವೆ ಬದಲಿಸಿದರೆ ಮುನಿಸಿಕೊಂಡು ಉಪವಾಸ ಬೀಳುತ್ತವೆ.

"ನುಗ್ಗಿ ಹುಳಾ ಸಾಕ್ತೀಯಾ?" ಅಂತ ಅತ್ತಿ ಕಣ್ಣು ದೊಡ್ಡದು ಮಾಡಿದಳು. ಪ್ರತಿ ಮಳೆಗಾಲ ಅವಳ ಹಿತ್ತಲಿನ ನುಗ್ಗಿ ಗಿಡಕ್ಕೆ ಕಂಬಳಿ ಹುಳ ಬರುತ್ತೆ, ಬೊಡ್ಡೆಗೆ ಗುಂಪುಗುಂಪಾಗಿ ಮೆತ್ತಿಕೊಂಡಿರುತ್ತವೆ, ಮೈಗೆ ತಾಗಿದರೆ ತುರಿಕೆ. ಅವಳು ಕೋಲಿಗೆ ಬಟ್ಟೆ ಸುತ್ತಿ ಚಿಮಣಿ ಎಣ್ಣೆ ಹಾಕಿ ಪಂಜು ಮಾಡಿ ಸುಡುತ್ತಾಳೆ. ಅದು ಬೇರೆ, ಇದು ಬೇರೆ ಅತ್ತಿ, ಇದು ಒಂಟಿಯಾಗಿರುತ್ತೆ, ತುರಿಸಲ್ಲ ಅಂದೆ. "ಹುಳಾ ಅಂದ್ರ ಹುಳಾನ" ಅಂದಳು. ನಿನ್ನೆ ರಾತ್ರಿ ಬೆಲ್ಲದ ನೀರು ಕೊಟ್ಟವಳೂ ಇವಳೇ.

ತತ್ತಿ ಒಡೆದದ್ದು 12ನೇ ದಿನಕ್ಕೆ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ನಮ್ಮ ಓಣಿಯ ಹುಡುಗರೆಲ್ಲ ಮಣ್ಣು ಕಲಸುತ್ತಿದ್ದರು. 34ರಲ್ಲಿ 28 ಹೊರಗೆ ಬಂದವು. ಹಸಿರು ಹುಳ ಬರುತ್ತೆ ಅಂತ ಕಾದಿದ್ದೆ, ಬಂದದ್ದು ಇಟ್ಟಿಗೆ ಕೆಂಪು, ಸೊಂಟಕ್ಕೆ ಕರಿ ಪಟ್ಟಿ. ಅರ್ಧ ಸೆಂಟಿಮೀಟರ್ ಕೂಡ ಇಲ್ಲ. ಡಬ್ಬಿಗೆ ಇರುವೆ ಹೊಕ್ಕಿವೆ ಅಂತ ಇನ್ನೇನು ಕೊಡವುತ್ತಿದ್ದೆ, ಮಗಳು ಕೈ ಹಿಡಿದಳು. ಹುಟ್ಟಿದ ತಕ್ಷಣ ಕೆಲವು ತಮ್ಮ ತತ್ತಿಯ ಸಿಪ್ಪೆಯನ್ನೇ ಕಡಿದು ತಿಂದವು. ಆಮೇಲೆ ಎಲೆ.

ಈಗ ನನ್ನ ತಪ್ಪು. ಹುಳಗಳನ್ನು ಹಾಕಿದ್ದು ಕುಂದಾ ಮಿಠಾಯಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎಲೆ ಬಾಡಬಾರದು ಅಂತ ಮುಚ್ಚಳ ಬಿಗಿಯಾಗಿ ಹಾಕಿದ್ದೆ. ಹೊರಗೆ ಮಳೆ, ಕಿತ್ತು ತಂದ ಎಲೆಯಲ್ಲಿ ನೀರು. ನಾಲ್ಕು ದಿನಕ್ಕೆ ಡಬ್ಬಿಯೊಳಗೆ ಹನಿ ಕಟ್ಟಿ ಹುಳಿ ವಾಸನೆ. 11 ಹುಳ ಕಪ್ಪಾಗಿ ಜೋತು ಬಿದ್ದಿದ್ದವು. ಮುಟ್ಟಿದರೆ ನೀರು.

ಅಥಣಿ ಕಡೆ ರೇಷ್ಮೆ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ತೊಯ್ದ ತಪ್ಪಲಾ ಹಾಕ್ತಾರೇನಲೇ? ಒರಸಿ ಹಾಕು. ಗಾಳಿ ಆಡಬೇಕು. ಹಿಕ್ಕಿ ದಿನಾ ತಗೀಬೇಕು. ಚಾಕಿ ಹುಳಾ ಅಂದ್ರ ಕೂಸಿದ್ದಂಗ." ಚಾಕಿ ಅಂದರೆ ಎಳೇ ಹುಳು. ರೇಷ್ಮೆಯವರಿಗೆ ಹುಳುವಿನ ಕಾಯಿಲೆಗಳೆಲ್ಲ ಮನೆಯವರ ಕಾಯಿಲೆ ಇದ್ದ ಹಾಗೆ. ಸಪ್ಪೆ ರೋಗ, ಹಾಲುತೊಂಡೆ, ಸುಣ್ಣಕಟ್ಟು ಅಂತ ಒಂದೊಂದಾಗಿ ಹೇಳಿ, ಕೊನೆಗೆ "ನಿನ್ನ ಹುಳಕ್ಕ ಯಾವ ರೋಗಾನೂ ಇಲ್ಲ, ನೀನ ರೋಗ" ಅಂದ.

ಅವತ್ತಿನಿಂದ ಬೂಟಿನ ಡಬ್ಬಿ. ಮೇಲೆ ಹಳೇ ಸೊಳ್ಳೆ ಪರದೆಯ ತುಂಡು, ಸುತ್ತ ರಬ್ಬರ್ ಬ್ಯಾಂಡ್. ಸಣ್ಣ ಔಷಧಿ ಬಾಟಲಿಯಲ್ಲಿ ನೀರು, ಅದರಲ್ಲಿ ನುಗ್ಗಿ ಟೊಂಗೆ, ಬಾಟಲಿ ಬಾಯಿಗೆ ಹತ್ತಿ. ಹತ್ತಿ ಯಾಕೆ ಅಂದರೆ ಇಲ್ಲದಿದ್ದರೆ ಹುಳಗಳು ಟೊಂಗೆ ಹಿಡಿದು ನೆಟ್ಟಗೆ ನೀರಿಗಿಳಿದು ಮುಳುಗುತ್ತವೆ, ಅಷ್ಟು ಬುದ್ಧಿವಂತರು. ಮನೆಯವಳದು ಒಂದೇ ಮಾತು, ಅಡಿಗೆಮನೆಗೆ ತರಬೇಡಿ. ಟಿವಿ ಪಕ್ಕ ಇಟ್ಟೆ.

ಹುಳು ಬೆಳೆಯುವುದು ನಾಲ್ಕು ಸಲ ಚರ್ಮ ಬಿಟ್ಟು. ಪುಸ್ತಕದವರು ಏನಾದರೂ ಹೇಳಲಿ, ನಮ್ಮ ರೇಷ್ಮೆಯವರು ಇದಕ್ಕೆ ಜ್ವರ ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ. ಆ ಹೆಸರು ಯಾಕೆ ಬಂತು ಅಂತ ಕಣ್ಣಾರೆ ನೋಡಿದ ಮೇಲೆ ಗೊತ್ತಾಗುತ್ತೆ. ತಿನ್ನುತ್ತಿದ್ದ ಹುಳ ಒಮ್ಮೆಗೇ ಊಟ ಬಿಡುತ್ತೆ. ಟೊಂಗೆಗೆ ಹಿಂಗಾಲು ಕಚ್ಚಿ, ತಲೆ ಎತ್ತಿ, ಒಂದು ದಿನವೋ ಹೆಚ್ಚೋ ಅಲ್ಲಾಡದೆ ಕೂರುತ್ತೆ. ಮೈ ಬಿಳಿಚುತ್ತೆ. ಮೊದಲ ಸಲ ನಾನು ಸತ್ತಿದೆ ಅಂತ ಚಿಮಟದಿಂದ ಎಳೆಯಲು ಹೋಗಿ ಗೆಳೆಯನ ಮಾತು ನೆನಪಾಗಿ ಬಿಟ್ಟೆ. "ಜ್ವರಕ್ಕ ಕುಂತದ್ದನ್ನ ಮುಟ್ಟಬ್ಯಾಡ" ಅಂದಿದ್ದ. ಎಳೆದರೆ ಕಾಲು ಕಿತ್ತು ಬರುತ್ತೆ, ಹಿಡಿತ ಬಿಡಲ್ಲ.

ಎರಡನೇ ಜ್ವರ ಎದ್ದದ್ದನ್ನು ಪೂರ್ತಿ ನೋಡಿದೆ. ಭಾನುವಾರ ಮಧ್ಯಾಹ್ನ, ಊಟ ಆಗಿತ್ತು. ಮೊದಲು ಮುಖದ ಹಳೇ ಚಿಪ್ಪು, ಕರಿ ಮಣಿಯಂಥದ್ದು, ಮುಂದಕ್ಕೆ ತಳ್ಳಿಕೊಂಡು ಜೋತಾಡಿತು. ಕುತ್ತಿಗೆ ಹತ್ತಿರ ಚರ್ಮ ಸೀಳಿತು. ಒಳಗಿನಿಂದ ಹುಳ ನಡೆದುಕೊಂಡೇ ಹೊರಗೆ ಬಂತು, ಕಾಲುಚೀಲ ಬಿಟ್ಟು ಬಂದ ಹಾಗೆ. ಒಳಗೆ ಹೋಗಿದ್ದು ಕೆಂಪು, ಹೊರಗೆ ಬಂದಿದ್ದು ಹಸಿರು! ಬೆನ್ನ ಮೇಲೆ ಸಾಲಾಗಿ ಹಳದಿ ಗುಬುಟು, ಒಂದೊಂದರ ಮೇಲೂ ನಾಲ್ಕಾರು ಕೂದಲು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹಿಂದೆ ತಿರುಗಿ ತನ್ನ ಹಳೇ ಚರ್ಮವನ್ನೇ ತಿಂದು ಮುಗಿಸಿತು. ಏನೂ ಬಿಸಾಡುವ ಸಂಸಾರ ಅಲ್ಲ ಇದು.

ಮೂರನೇ ಜ್ವರದ ನಂತರ ನನಗೆ ಬಿಡುವೇ ಇಲ್ಲ. ಹಿಪ್ಪುನೇರಳೆ ತಿನ್ನುವ ರೇಷ್ಮೆ ಹುಳು ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಬೆಳೆಯುತ್ತೆ. ಇವು ಅದಕ್ಕಿಂತ ದೊಡ್ಡ ಜಾತಿ. ತಸರ್, ಮೂಗಾ ರೇಷ್ಮೆ ಕೊಡುವ ಪತಂಗಗಳ ಮನೆತನ. ಬೆಳಗ್ಗೆ ಇಟ್ಟ ಟೊಂಗೆ ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಬರೀ ಕಡ್ಡಿ. ಪಕ್ಕದ ಮನೆ ನುಗ್ಗಿ ಮುಗಿಯಿತು, ಹಿಂದಿನ ಓಣಿಯ ಮನೆಗೆ ಹೋದೆ, ಆಮೇಲೆ ಮೂಲೆ ಮನೆಗೆ. ಮೂಲೆ ಮನೆ ಕಾಕು ಕೊನೆಗೆ ಕೇಳೇಬಿಟ್ಟರು, "ದಿನಾ ನುಗ್ಗಿ ತಪ್ಪಲ ಪಲ್ಯಾನೇ ಮಾಡ್ತೀರೇನ್ರೀ? ಶುಗರ್ ಅದ ಏನ್ ನಿಮಗ?" ಹೌದ್ರೀ ಅಂದುಬಿಟ್ಟೆ. ಅದೇ ಸುಲಭ.

ರಾತ್ರಿ ಟಿವಿ ಆರಿಸಿದ ಮೇಲೆ ತಿನ್ನುವ ಸದ್ದು ಕೇಳುತ್ತಿತ್ತು. ಆಚೆ ಕೋಣೆಯಲ್ಲಿ ಯಾರೋ ಕದ್ದು ಹಪ್ಪಳ ತಿನ್ನುತ್ತಿದ್ದ ಹಾಗೆ. ಕೊನೇ ಹಂತದಲ್ಲಿ ನನ್ನ ತೋರುಬೆರಳಿಗಿಂತ ಉದ್ದ, ಹೆಬ್ಬೆರಳಿನ ದಪ್ಪ. ಮುಂದಿನ ಮೂರು ಜೊತೆ ನಿಜವಾದ ಕಾಲಿನಿಂದ ಎಲೆ ಹಿಡಿದು, ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ ಅಂತ ಅಂಚು ಕತ್ತರಿಸುತ್ತೆ. ನುಗ್ಗಿಯ ಎಲೆ ಸಣ್ಣದಲ್ವಾ, ಒಂದು ಎಲೆ ನಾಲ್ಕು ತುತ್ತು. ಹಿಕ್ಕೆ ಕೂಡ ನೋಡುವಂಥದ್ದೇ. ಮೆಣಸಿನ ಕಾಳಿಗಿಂತ ದಪ್ಪ, ಪೀಪಾಯಿ ಆಕಾರ, ಸುತ್ತ ಉದ್ದಕ್ಕೆ ಆರು ಗೀರು, ಅಚ್ಚಿನಲ್ಲಿ ಒತ್ತಿದ ಹಾಗೆ ಎಲ್ಲವೂ ಒಂದೇ ಸಮ. ಮಗಳು ಒಂದನ್ನು ಶಾಲೆಗೆ ತೆಗೆದುಕೊಂಡು ಹೋಗಿದ್ದಳು. ಏನಂತ ಹೇಳಿದಳೋ ಕೇಳಲು ಹೋಗಲಿಲ್ಲ.

ನಾಗರ ಪಂಚಮಿಗೆ ಮನೆಯಲ್ಲಿ ಉಂಡಿ ಕಟ್ಟುತ್ತಿದ್ದರು. ಒಂದು ಹುಳ ತಿನ್ನುವುದು ಬಿಟ್ಟು ಡಬ್ಬಿ ತುಂಬ ಓಡಾಡೋಕೆ ಶುರು ಮಾಡಿತು. ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ಹೊರಗೆ ಹಾಕಿತು, ಹಸಿರು ಮೈ ಕಂದಿತು. ಫೋಟೋ ಕಳಿಸಿದೆ. "ಹಣ್ಣಾಗೇತಿ" ಅಂತ ಗೆಳೆಯನ ಉತ್ತರ. ಗೂಡು ಕಟ್ಟಲು ತಯಾರಾದ ಹುಳುವಿಗೆ ಹಣ್ಣು ಹುಳು ಅಂತಾರೆ. ಅದನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅಂತ ಹೆಸರು. ನನ್ನ ಚಂದ್ರನಿಗೆ ಚಂದ್ರಿಕೆ ಇರಲಿಲ್ಲ. ಎಲೆ ಮತ್ತು ಡಬ್ಬಿಯ ಮೂಲೆ ಸೇರಿಸಿ, ಎಂಟರ ಆಕಾರದಲ್ಲಿ ತಲೆ ಆಡಿಸುತ್ತಾ ನೂಲು ಬಿಡತೊಡಗಿತು. ಮೊದಲ ತಾಸು ಒಳಗಿನ ಹುಳ ಕಾಣುತ್ತಿತ್ತು. ರಾತ್ರಿಯಾಗುವಷ್ಟರಲ್ಲಿ ಮಸುಕು ನೆರಳು. ಬೆಳಗ್ಗೆ ಕಂದು ಬಣ್ಣದ ಒರಟು ಗೂಡು, ಸುತ್ತ ಒಣ ನುಗ್ಗಿ ಎಲೆ ಅಂಟಿಸಿಕೊಂಡದ್ದು. ನೋಡಿದರೆ ಕಸ ಅಂತ ಗುಡಿಸಿಬಿಡಬೇಕು, ಹಾಗಿತ್ತು.

ಒಟ್ಟು 9 ಗೂಡಾದವು. ಅದರಲ್ಲೊಂದರಿಂದ ಹದಿನೈದು ದಿನದೊಳಗೆ ಬಿಳಿ ಹುಳಗಳು ತೂತು ಕೊರೆದು ಬಂದವು. ಹುಳು ಎಲೆ ತಿನ್ನುತ್ತಿದ್ದಾಗಲೇ, ಪರದೆ ಸರಿದ ಯಾವುದೋ ಗಳಿಗೆಯಲ್ಲಿ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣದಂಥ ನೊಣ ಅದರ ಮೈ ಮೇಲೆ ತತ್ತಿ ಇಟ್ಟು ಹೋಗಿತ್ತು. ನೊಣದ ಮರಿಗಳು ಒಳಗಿನಿಂದ ತಿಂದು ಮುಗಿಸಿದ್ದವು. ಉಳಿದದ್ದು 8.

ಗೆಳೆಯ ಒಂದು ಮಾತು ಹೇಳಿದ, ಇನ್ನೂ ಕಿವಿಯಲ್ಲಿದೆ. "ನಮ್ಮಲ್ಲಿ ಪತಂಗ ಹೊರಗ ಬಂತಂದ್ರ ಲುಕ್ಸಾನು ನೋಡು." ಗೂಡು ತೂತಾದರೆ ನೂಲು ತುಂಡಾಗುತ್ತೆ, ಅದಕ್ಕೇ ಹೊರಗೆ ಬರುವ ಮೊದಲೇ ಒಳಗಿನದನ್ನು ಬಿಸಿ ಹಬೆಗೆ ಹಾಕಿ ಕೊಲ್ಲುವುದು. ಇಷ್ಟು ವರ್ಷ ಹುಳ ಸಾಕಿದರೂ ಅವನು ಪತಂಗದ ಮುಖ ನೋಡಿದ್ದು ಕಡಿಮೆ. ನನ್ನ ಗೂಡುಗಳ ನೂಲಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ, ಹಾಗಾಗಿ ಅವು ಬದುಕಿದವು ಅನ್ನಬೇಕು. "ಹೊರಗ ಬಂದಾಗ ವಿಡಿಯೋ ಕಾಲ್ ಮಾಡು" ಅಂದ.

ಮೂರು ನಾಲ್ಕು ವಾರ ಏನೂ ನಡೆಯಲ್ಲ. ಚಳಿ ಹತ್ತಿರ ಬಂದಾಗ ಕಟ್ಟಿದ ಗೂಡಾದರೆ ತಿಂಗಳುಗಟ್ಟಲೆ ಹಾಗೇ ಇರಬಹುದಂತೆ. ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದೆ, ಅಷ್ಟೇ. ಗಣಪತಿ ಹಬ್ಬಕ್ಕೆ ಅತ್ತಿ ಮನೆಗೆ ಹೊರಟಾಗ ಡಬ್ಬಿಯೂ ಬಂತು. ಗಾಡಿಯಲ್ಲಿ ಮಗಳ ತೊಡೆ ಮೇಲೆ, ಜಾಂಬೋಟಿ ರಸ್ತೆಯ ಗುಂಡಿ ಒಂದೊಂದಕ್ಕೂ ಅವಳು "ಪಪ್ಪಾ, ನಿಧಾನ" ಅನ್ನುತ್ತಾ.

ಚೌತಿ ದಿನ ಬೆಳಗ್ಗೆ ಡಬ್ಬಿಯೊಳಗೆ ಕರಕರ ಸದ್ದು. ಇಲಿ ಅಂದುಕೊಂಡೆ. ಒಂದು ಗೂಡಿನ ತುದಿ ಒದ್ದೆಯಾಗಿತ್ತು, ಒಳಗಿನ ಪತಂಗ ಒಂದು ರಸ ಬಿಟ್ಟು ನೂಲಿನ ಅಂಟು ಸಡಿಲ ಮಾಡುತ್ತೆ, ಆಮೇಲೆ ತಳ್ಳಿಕೊಂಡು ಬರುತ್ತೆ. ಮೊದಲು ಬಂದದ್ದು ಬಿಳಿ ತಲೆ, ತೊಯ್ದ ಬೆಕ್ಕಿನ ಮರಿ ಥರ. ಆಮೇಲೆ ಕೆಂಪು ಕಾಲು. ರೆಕ್ಕೆ ಅನ್ನೋದು ಮುದುಡಿದ ನಾಲ್ಕು ಚೂರು, ಉಗುರಿನಷ್ಟು. ಅದು ಓಡಿತು, ನಿಜವಾಗಿ ಓಡಿತು, ಮೇಲೆ ಹತ್ತಿ ಜೋತು ಬೀಳಲು ಜಾಗ ಹುಡುಕುತ್ತಾ. ಜೋತು ಬಿದ್ದರೆ ಮಾತ್ರ ಮೈಯೊಳಗಿನ ರಸ ರೆಕ್ಕೆಗೆ ಇಳಿದು ಅರಳುತ್ತೆ. ಇದು ಪರದೆ ಹಿಡಿಯಿತು. ಅರ್ಧ ತಾಸಿನೊಳಗೆ ಉಗುರಿನಷ್ಟಿದ್ದದ್ದು ಅಂಗೈಯಷ್ಟಾಯಿತು. ಬಾಲ ಕೊನೆಗೆ ಇಳಿಯಿತು. ವಿಡಿಯೋ ಕಾಲ್‌ನಲ್ಲಿ ಗೆಳೆಯ ಏನೂ ಮಾತಾಡಲಿಲ್ಲ, ಮಾತಿಲ್ಲದ ಅವನನ್ನು ನೋಡಿದ್ದು ಅದೇ ಮೊದಲು.

ಇನ್ನೊಂದು ಅದೇ ಹೊತ್ತಿಗೆ ಬಂತು, ಅದಕ್ಕೆ ಡಬ್ಬಿಯ ನುಣುಪು ಗೋಡೆ ಹತ್ತಲು ಆಗಲಿಲ್ಲ. ಜಾರಿತು, ಹತ್ತಿತು, ಜಾರಿತು. ನಾನು ಇದನ್ನು ನೋಡುತ್ತಾ ಅದನ್ನು ನೋಡಲೇ ಇಲ್ಲ. ಕಣ್ಣಿಗೆ ಬಿದ್ದಾಗ ರೆಕ್ಕೆ ಮುದುಡಿಯೇ ಒಣಗಿತ್ತು. ಒಳಗೆ ಒಂದು ಕಡ್ಡಿ ಹಾಕಿದ್ದರೆ ಸಾಕಿತ್ತು. ಒಂದು ಕಡ್ಡಿ.

ಅರಳಿದ್ದು ಹೆಣ್ಣು. ಹೊಟ್ಟೆ ದಪ್ಪ, ಮೀಸೆ ಸಣ್ಣ. ಗಂಡಿನ ಮೀಸೆ ಅಗಲ, ಎರಡೂ ಬದಿಗೆ ಹಲ್ಲಿರುವ ಬಾಚಣಿಗೆ. ಸಂಜೆ ಅವಳನ್ನು ಪರದೆ ಸಮೇತ ಹಿತ್ತಲಿನ ಕಿಟಕಿಗೆ ಕಟ್ಟಿದೆ. ರಾತ್ರಿ ಆರತಿ ಆಯಿತು, ಕಡಬು ಆಯಿತು. ಚೌತಿ ಚಂದ್ರನ್ನ ನೋಡಬ್ಯಾಡ್ರಿ, ಕಳ್ಳತನದ ಅಪವಾದ ಬರ್ತೈತಿ ಅಂತ ಅತ್ತಿ ಎಲ್ಲರನ್ನೂ ಒಳಗೆ ಕರೆದಳು. "ಈ ಚಂದ್ರನ್ನ ನೋಡಬಹುದೇನ?" ಅಂದೆ. ನಕ್ಕಳು, ಆಮೇಲೆ ಸಂಶಯ ಬಂತೇನೋ, ಕಿಟಕಿಗೆ ಬೆನ್ನು ಹಾಕಿ ಕೂತಳು.

ಅವಳು, ಅಂದರೆ ಪತಂಗ, ಹಾರಲಿಲ್ಲ. ಹೊಟ್ಟೆಯ ತುದಿ ಹೊರಗೆ ಚಾಚಿಕೊಂಡು ಸುಮ್ನೆ ಜೋತುಬಿದ್ದಿದ್ದಳು. ಅಲ್ಲಿಂದ ಹೊರಡುವ ವಾಸನೆ ನಮಗೆ ಗೊತ್ತಾಗಲ್ಲ, ಆದರೆ ಗಂಡು ಪತಂಗಗಳಿಗೆ ಅದೇ ಕರೆ. 19ನೇ ಶತಮಾನದಲ್ಲಿ ಫ್ರಾನ್ಸಿನ ಕೀಟ ವಿಜ್ಞಾನಿ ಫಾಬ್ರ್ ತನ್ನ ಮನೆಯಲ್ಲಿ ಇದೇ ಮನೆತನದ ಒಂದು ಹೆಣ್ಣು ಹುಟ್ಟಿದ ರಾತ್ರಿ ಸುಮಾರು 40 ಗಂಡು ಬಂದದ್ದನ್ನು ಕಂಡು ದಂಗಾಗಿದ್ದ. ಗಾಜಿನೊಳಗೆ ಗಾಳಿ ಆಡದ ಹಾಗೆ ಮುಚ್ಚಿಟ್ಟರೆ ಒಂದೂ ಬರಲಿಲ್ಲ. ಆ ವಾಸನೆ ಏನು ಅಂತ ಮೊದಲ ಬಾರಿ ಬೇರ್ಪಡಿಸಿ ತೋರಿಸಿದ್ದು 1959ರಲ್ಲಿ, ಜರ್ಮನಿಯ ರಸಾಯನ ವಿಜ್ಞಾನಿ ಬುಟೆನಾಂಟ್, ಅದೂ ನಮ್ಮ ರೇಷ್ಮೆ ಪತಂಗದಲ್ಲೇ. ಕೆಲವೇ ಮಿಲಿಗ್ರಾಂಗೆ ಸುಮಾರು 5 ಲಕ್ಷ ಹೆಣ್ಣು ಪತಂಗ ಬೇಕಾದವು.

ನಮ್ಮ ಕಿಟಕಿಗೆ 40 ಬರಲಿಲ್ಲ. ಒಂದೇ ಬಂತು. ಹನ್ನೆರಡೂವರೆ ಆಗಿರಬೇಕು, ಮಳೆ ನಿಂತು ಹೆಂಚಿನಿಂದ ಹನಿ ಬೀಳುತ್ತಿತ್ತು, ಅತ್ತಿಯ ಮಾತು ಕೇಳಿ ಪಡಸಾಲೆ ಬಲ್ಬನ್ನೂ ಆರಿಸಿದ್ದೆವು. ಕತ್ತಲಲ್ಲಿ ಬಿಳಿ ವಸ್ತ್ರ ಬೀಸಿದ ಹಾಗೆ ಏನೋ ಅಂಗಳ ದಾಟಿತು, ವಾಪಸ್ ಬಂತು, ಮತ್ತೆ ದಾಟಿತು, ಹತ್ತಿರ ಹತ್ತಿರ ಬಂದು ಪರದೆಗೆ ಬಡಿಯಿತು. ಒಂದು ಬಾಲ ಅರ್ಧಕ್ಕೇ ತುಂಡಾಗಿತ್ತು. ಬಾವಲಿಯೋ ಮುಳ್ಳೋ, ಏನಾದರಾಗಲಿ, ತಪ್ಪಿಸಿಕೊಂಡು ಬಂದಿತ್ತು. ಪರದೆ ಸಡಿಲಿಸಿದೆ. ಬೆಳಗ್ಗೆ ಎದ್ದಾಗಲೂ ಎರಡೂ ಒಂದಕ್ಕೊಂದು ಬೆನ್ನು ಮಾಡಿ ಹಾಗೇ ಜೋತುಬಿದ್ದಿದ್ದವು. ಸಂಜೆ ತನಕ ಅಲ್ಲಾಡಲಿಲ್ಲ. ಮಡಿವಾಳ ಹಕ್ಕಿ ಬಂತು, ಮಗಳು ಕೋಲು ಹಿಡಿದು ಕಾವಲು ಕೂತಳು.

ಅತ್ತಿ ಬಂದು ತುಂಬಾ ಹೊತ್ತು ನೋಡಿದಳು.

"ಇವಕ್ಕೂ ಬಾಯಿಲ್ಲೇನ?"

"ಇಲ್ಲತ್ತಿ."

"ಹಂಗಾರ ತಿನ್ನೂದೆಲ್ಲಾ ಹುಳಾ ಇದ್ದಾಗ."

"ಹೂಂ."

ಕತ್ತಲಾಗುತ್ತಲೇ ಗಂಡು ಬಿಟ್ಟು ಹಾರಿತು. ಹೆಣ್ಣನ್ನು ಟೊಂಗೆ ಸಮೇತ ತೆಗೆದು ಹಿತ್ತಲಿನ ನುಗ್ಗಿ ಗಿಡಕ್ಕೆ ಹಚ್ಚಿದೆ. ಒಂದಷ್ಟು ಹೊತ್ತು ಅಲ್ಲೇ ಸುತ್ತಾಡಿತು, ಆಮೇಲೆ ಬೇಲಿಯ ಶಿಮಟಿಗಳ ಕಡೆ ಹೋಯಿತು. ಮರುದಿನ ಬೆಳಗ್ಗೆ ಬ್ಯಾಟರಿ ಹಿಡಿದು ನುಗ್ಗಿ ಎಲೆಗಳ ಅಡಿ ಹುಡುಕಿದೆ, ಆರು ತತ್ತಿ ಸಿಕ್ಕವು. ಬೊಡ್ಡೆಯ ಹತ್ತಿರ ಅತ್ತಿಯ ಪಂಜಿನ ಕೋಲು ಒರಗಿಸಿಟ್ಟಿತ್ತು. ಅವಳು ಬಂದು ನನ್ನ ಕೈಯಿಂದ ಬ್ಯಾಟರಿ ಇಸಿದುಕೊಂಡು ತಾನೂ ಬಗ್ಗಿ ನೋಡಿದಳು. ಯಾವ ಟೊಂಗೆ ಅಂತ ಕೇಳಿ, ಹಳೇ ಸೀರೆಯ ಕೆಂಪು ಚಿಂದಿಯೊಂದನ್ನು ಅದಕ್ಕೆ ಕಟ್ಟಿದಳು. ಪಂಜಿನ ಕೋಲನ್ನು ಮಾತ್ರ ಅಲ್ಲೇ ಬಿಟ್ಟಳು, ಕಂಬಳಿ ಹುಳಗಳ ವಿಷಯದಲ್ಲಿ ರಾಜಿ ಇಲ್ಲ.

ವಾಪಸ್ ಬರುವಾಗ ಪಡಸಾಲೆಯ ಗೋಡೆ ನೋಡಿದೆ, ಮೊಳೆ ಮಾತ್ರ ಇತ್ತು.

"ಕ್ಯಾಲೆಂಡರ್ ಎಲ್ಲಿ ಅತ್ತಿ?"

"ಮೊನ್ನೇನ ಒಳಗ ಇಟ್ಟೇನಿ. ಈ ತಿಂಗಳ ಹಾಲಿನ ಲೆಕ್ಕಾರೆ ಉಳೀಲಿ."